ಸಮುದಾಯ ರೇಡಿಯೊದಲ್ಲಿ ಒಂದು ಗಂಟೆಯ ಮಾತುಕತೆ: ಮಾಡಿದವರು ಹೇಳಿ

ಪ್ರಶ್ನೆ:
ನಮ್ಮ ಸಮುದಾಯ ರೇಡಿಯೊದಲ್ಲಿ ವಾರಕ್ಕೆ ಒಂದು ಗಂಟೆ ನನಗೆ ಕೊಟ್ಟಿದ್ದಾರೆ. ರಾಜಕೀಯ, ಇತಿಹಾಸ, ನ್ಯಾಯ, ಕಲೆ ಬಗ್ಗೆ ಅತಿಥಿಗಳ ಜೊತೆ ಮಾತಾಡಬೇಕು. ನಾನು ಪತ್ರಕರ್ತೆ ಅಲ್ಲ. ಬಂದವರು ಭಾಷಣ ಶುರು ಮಾಡಿಬಿಡುತ್ತಾರೆ, ನಡುವೆ ಹೇಗೆ ತಡೆಯಬೇಕು ಗೊತ್ತಾಗುವುದಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ:
ಆ ಗಂಟೆಯನ್ನು ತುಂಡು ತುಂಡು ಮಾಡಬೇಡಿ. ಒಬ್ಬ ಅತಿಥಿ, ಒಂದು ಪ್ರಶ್ನೆ, ಸಾಕು. ಟಿವಿಯಲ್ಲಿ ನಾಲ್ಕಾರು ಜನ ಒಟ್ಟಿಗೆ ಕೂಗಾಡುವುದನ್ನು ಜನ ದಿನಾ ನೋಡುತ್ತಾರೆ, ಅದನ್ನೇ ನಾವೂ ಮಾಡಿದರೆ ನಮ್ಮ ರೇಡಿಯೊ ಯಾಕೆ ಬೇಕು ಅಲ್ವಾ? ನಮ್ಮ ಹತ್ತಿರ ದುಡ್ಡು ಕಡಿಮೆ, ಆದರೆ ಸಮಯ ಇದೆ. ಅಮೆರಿಕದ ಬರ್ಕ್ಲಿಯಲ್ಲಿ 1949ರಲ್ಲಿ ಲೂಯಿಸ್ ಹಿಲ್ ಮತ್ತು ಅವರ ಜೊತೆಯವರು ಕೆಪಿಎಫ್‌ಎ ಕೇಂದ್ರ ಶುರು ಮಾಡಿದಾಗ ಜಾಹೀರಾತು ಬೇಡ, ಕೇಳುವವರೇ ಚಂದಾ ಕೊಡಲಿ ಅಂದರು. ಜಾಹೀರಾತು ಕೊಡುವವರ ಮುಲಾಜು ಇಲ್ಲದ್ದರಿಂದ ಒಂದೇ ವಿಷಯದ ಮೇಲೆ ನಿಧಾನವಾಗಿ ಮಾತಾಡುವುದಕ್ಕೆ ಅಲ್ಲಿ ಜಾಗ ಸಿಕ್ಕಿತು. ನಿಮ್ಮ ಗಂಟೆಯೂ ಅಂಥದ್ದೇ.

ಭಾಷಣದ ವಿಷಯ. ರೆಕಾರ್ಡಿಂಗ್‌ಗೆ ಮೊದಲು ಅತಿಥಿಗೆ ಫೋನ್ ಮಾಡಿ. ಆದರೆ ಪ್ರಶ್ನೆಗಳ ಪಟ್ಟಿ ಕಳಿಸಬೇಡಿ, ಕಳಿಸಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ. ಏನು ವಿಷಯ, ಎಲ್ಲಿಂದ ಶುರು ಮಾಡುತ್ತೀರಿ, ಅಷ್ಟು ಹೇಳಿದರೆ ಆಯಿತು. ಫೋನಿನಲ್ಲೇ ಅವರು ಒಳ್ಳೆಯ ಪ್ರಸಂಗ ಹೇಳಲು ಹೊರಟರೆ "ಇದನ್ನು ಮೈಕ್ ಮುಂದೆ ಹೇಳಿ" ಎಂದು ಅಲ್ಲೇ ನಿಲ್ಲಿಸಿ. ಎರಡನೇ ಸಲ ಹೇಳುವಾಗ ಅದು ಸಪ್ಪೆ ಆಗಿಬಿಡುತ್ತದೆ.

ಮೈಕ್ ಮುಂದೆ ಕೂತಾಗ "ವ್ಯವಸ್ಥೆ", "ಶೋಷಣೆ", "ಪರಂಪರೆ" ಅಂತ ದೊಡ್ಡ ಮಾತು ಬಂದ ಕೂಡಲೇ ಕೇಳಿ: ಒಂದು ಉದಾಹರಣೆ ಹೇಳಿ, ಯಾರಿಗೆ ಆಯಿತು, ಯಾವಾಗ ಆಯಿತು? ಮಾತು ತಾನಾಗಿಯೇ ನೆಲಕ್ಕೆ ಇಳಿಯುತ್ತದೆ. ಇನ್ನೊಂದು, ನನಗೆ ತುಂಬಾ ಇಷ್ಟವಾದ ಪ್ರಶ್ನೆ: "ಇದು ನಿಮಗೆ ಹೇಗೆ ಗೊತ್ತಾಯಿತು?" ಜಗಳದ ದನಿಯಲ್ಲಿ ಕೇಳಬೇಡಿ, ತಿಳಿಯುವ ಆಸೆಯಿಂದ ಕೇಳಿ. ಇತಿಹಾಸ ಬಲ್ಲವರಿಗಂತೂ ಈ ಪ್ರಶ್ನೆ ಸಿಕ್ಕರೆ ಕಣ್ಣು ಅರಳುತ್ತದೆ, ಯಾವ ಶಾಸನ, ಯಾವ ಹಳೆಯ ಕಾಗದ, ಯಾರ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂತ ಶುರು ಮಾಡುತ್ತಾರೆ, ಅಲ್ಲಿಂದ ಮುಂದೆ ನೀವು ಸುಮ್ನೆ ಕೂತರೂ ನಡೆಯುತ್ತದೆ.

ಅವರು ಪುಸ್ತಕ ಬರೆದಿದ್ದರೆ ಪೂರ್ತಿ ಓದಿಕೊಂಡು ಹೋಗಿ. ಬೆನ್ನುಪುಟ ಮಾತ್ರ ಓದಿದ್ದು ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಉತ್ತರ:
ನ್ಯಾಯದ ವಿಷಯಕ್ಕೆ ಒಂದು ಎಚ್ಚರಿಕೆ, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಅನ್ಯಾಯ ಆದವರು ಮಾತಾಡಲು ಬಂದಾಗ "ಹೆಸರು ಬದಲಿಸುತ್ತೇವೆ" ಎಂದು ಭರವಸೆ ಕೊಟ್ಟು ಕೂರಿಸುತ್ತಾರೆ. ಅದು ಸಾಲದು. ಸಮುದಾಯ ರೇಡಿಯೊ ಕೇಳುವುದು ಸುತ್ತಮುತ್ತಲಿನವರೇ. ದನಿ ಕೇಳಿದರೆ ಯಾರು ಅಂತ ಗೊತ್ತಾಗುತ್ತದೆ. ಕೆಮ್ಮುವುದರಿಂದಲೂ ಗುರುತು ಹಿಡಿಯುತ್ತಾರೆ. ಅಂಥ ಕಡೆ ಅವರ ಮಾತನ್ನು ಅವರ ಒಪ್ಪಿಗೆಯಿಂದ ಬರೆದುಕೊಂಡು ಬೇರೆಯವರ ದನಿಯಲ್ಲಿ ಓದಿಸಿ. ಪ್ರಸಾರಕ್ಕೆ ಮೊದಲು ಮತ್ತೊಮ್ಮೆ ಕೇಳಿಸಿ. ಬೇಡ ಅಂದರೆ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿದ್ದರೂ. ಕೋರ್ಟಿನಲ್ಲಿ ನಡೆಯುತ್ತಿರುವ ಕೇಸಾದರೆ ಇವರೇ ತಪ್ಪಿತಸ್ಥರು ಅಂತ ತೀರ್ಪು ಕೊಡಬೇಡಿ. ಕಾನೂನು ಏನು ಹೇಳುತ್ತದೆ, ದೂರು ಎಲ್ಲಿ ಕೊಡಬೇಕು, ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಒಬ್ಬ ವಕೀಲರಿಂದ ಬಿಡಿಸಿ ಹೇಳಿಸಿ. ಜನರಿಗೆ ಬೇಕಾದದ್ದು ಅದೇ.

ಉತ್ತರ:
ರಾಜಕೀಯ ಅಂದ ಕೂಡಲೇ ಪಕ್ಷದವರನ್ನು ಕರೆಯುವುದು ಅಂತ ತಿಳಿಯಬೇಡಿ. ಮೊದಲು ನಿಮ್ಮ ಕೇಂದ್ರದ ಪರವಾನಗಿ ಓದಿ. ದೇಶಕ್ಕೊಂದು ನಿಯಮ ಇದೆ. ಭಾರತದ 2006ರ ಸಮುದಾಯ ರೇಡಿಯೊ ನೀತಿ ಸುದ್ದಿಗೂ ರಾಜಕೀಯ ಕಾರ್ಯಕ್ರಮಕ್ಕೂ ಅವಕಾಶ ಕೊಡಲಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. 1995ರಲ್ಲೇ ಸುಪ್ರೀಂ ಕೋರ್ಟ್ ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು ಅಂದಿತ್ತು.

ಆದರೂ ನೀರು, ಕೂಲಿ, ಬೀಜ, ಶಾಲೆ ಬಗ್ಗೆ ಮಾತಾಡಿದರೆ ಅಧಿಕಾರ ಯಾರ ಕೈಯಲ್ಲಿದೆ ಎನ್ನುವ ಮಾತು ಬಂದೇ ಬರುತ್ತದೆ. ಈಗಿನ ತೆಲಂಗಾಣದ ಮಾಚನೂರಿನಲ್ಲಿ 2008ರಿಂದ ದಲಿತ ಹೆಣ್ಣುಮಕ್ಕಳು ನಡೆಸುತ್ತಿರುವ ಸಂಘಂ ರೇಡಿಯೊ ಬೇಸಾಯ, ಬೀಜ, ಆರೋಗ್ಯದ ಬಗ್ಗೆ ತಮ್ಮದೇ ಮಾತಿನಲ್ಲಿ ಮಾತಾಡಿತು. ಬೊಲಿವಿಯದ ಗಣಿ ಕಾರ್ಮಿಕರು ತಮ್ಮ ಕೂಲಿಯಲ್ಲೇ ಒಂದು ಪಾಲು ಕೊಟ್ಟು ರೇಡಿಯೊ ಕೇಂದ್ರಗಳನ್ನು ನಡೆಸಿದರು. ಸೈನ್ಯ ಬಂದು ಅವುಗಳ ಬಾಯಿ ಮುಚ್ಚಿಸಿದ್ದೂ ಉಂಟು. ಮಾಮೂಲಿ ಜನ ಮೈಕ್ ಹಿಡಿದರೆ ಎಷ್ಟು ಭಯ ಹುಟ್ಟುತ್ತದೆ ನೋಡಿ.

ಮತ್ತೆ ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಇನ್ನೆರಡು ಕೇಳಲೇ? ಹಿರಿಯರು ಹಳೆಯದನ್ನು ಹೇಳುವಾಗ ಇಸವಿ ತಪ್ಪಾದರೆ ಏನು ಮಾಡಬೇಕು? ಚಿತ್ರಕಲೆಯನ್ನು ರೇಡಿಯೊದಲ್ಲಿ ತೋರಿಸುವುದು ಹೇಗೆ?

ಉತ್ತರ:
ಇಸವಿ ಕೇಳಲೇಬೇಡಿ. "ನಿಮ್ಮ ಮದುವೆಗೆ ಮೊದಲಾ, ಆಮೇಲಾ?" "ಆಗ ಮನೆಗೆ ಕರೆಂಟ್ ಬಂದಿತ್ತಾ?" ಹೀಗೆ ಕೇಳಿದರೆ ಕಾಲ ತಾನಾಗಿ ಸಿಗುತ್ತದೆ. ನಡುವೆ ತಿದ್ದಿದರೆ ಅವರು ಮುದುರಿಕೊಂಡುಬಿಡುತ್ತಾರೆ. ನೀವು ಆಮೇಲೆ ದಾಖಲೆ ನೋಡಿ, ಸರಿಯಾದ ಇಸವಿಯನ್ನು ನಿಮ್ಮ ಪೀಠಿಕೆಯಲ್ಲಿ ಹೇಳಿ. ನೆನಪಿನಲ್ಲಿ ಘಟನೆ ಬೇರೆ ತರಹ ಉಳಿದಿದ್ದರೆ ಅದನ್ನು ಅಳಿಸಬೇಡಿ, ಯಾಕೆ ಹಾಗೆ ಉಳಿಯಿತು ಅನ್ನುವುದೇ ಇನ್ನೊಂದು ಗಂಟೆಗೆ ಆಗುವಷ್ಟಿದೆ.

ಚಿತ್ರಕ್ಕೆ, ಕಲಾವಿದರು ಕೆಲಸ ಮಾಡುವ ಜಾಗಕ್ಕೇ ಹೋಗಿ. ಕುಂಚ ತೊಳೆಯುವ ಸದ್ದು, ಕಾಗದ ಹರಿಯುವ ಸದ್ದು ಎಲ್ಲ ರೆಕಾರ್ಡ್ ಮಾಡಿ. ಈಗ ಕೈ ಏನು ಮಾಡುತ್ತಿದೆ ಅಂತ ಹೇಳಿಸಿ, "ಭಾವನೆ" ಬಗ್ಗೆ ಆಮೇಲೆ ಕೇಳಿ. ಹೊರಡುವ ಮುಂಚೆ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವೆ ಅದನ್ನು ಇಟ್ಟರೆ ಕತ್ತರಿಸಿದ ಜಾಗ ಕಿವಿಗೆ ಗೊತ್ತಾಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಅತಿಥಿಯ ಹೆಸರು, ವಿಷಯ ಮತ್ತೆ ಹೇಳಿ, ಜಾಸ್ತಿ ಜನ ನಡುವೆಯೇ ರೇಡಿಯೊ ಹಾಕುತ್ತಾರೆ.