ಅಪ್‌ಡೇಟ್: ಅಪ್ಪನ ಪದ್ಮಿನಿ ಮಾರಲಿಲ್ಲ

ಎಣ್ಣೆ ಗಾಣ ಹಾಕಲು ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ ಮಾರಲೇ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕಾರು ಮನೆಯಲ್ಲೇ ಇದೆ.

ಒಬ್ಬರು ಬಂದು ಎರಡೂವರೆ ಲಕ್ಷಕ್ಕೆ ಒಪ್ಪಿದ್ದರು. ಅಡ್ವಾನ್ಸ್ ಕೊಡುವ ಮುಂಚೆ ಒಂದು ರೌಂಡ್ ಹೋದೆವು. ಸ್ಟೀರಿಂಗ್ ಪಕ್ಕದ ಗೇರಿನ ಗುಂಡು ಅಪ್ಪನ ಅಂಗೈಗೆ ಸವೆದು ನುಣ್ಣಗಾಗಿದೆ. ಕಾರು ಕೊಳ್ಳಲು ಬಂದವರು ಅದನ್ನು ಹಿಡಿದಾಗ ಹೊಟ್ಟೆ ಕಿವುಚಿದಂತಾಯಿತು. ಎರಡು ದಿನ ಟೈಮ್ ಕೇಳಿದೆ.

ಆಗ ನಿಮ್ಮಲ್ಲೊಬ್ಬರು ಹೇಳಿದ್ದ ಪಿಎಂಎಫ್‌ಎಂಇ (ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮ) ಯೋಜನೆ ವಿಚಾರಿಸಿದೆ. ಸಣ್ಣ ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ ಕೇಂದ್ರದ ಸಬ್ಸಿಡಿ ಶೇ. 35, ಅದರ ಮೇಲೆ ನಮ್ಮ ರಾಜ್ಯದ್ದು ಶೇ. 15 ಇತ್ತು. ಕೈಯಿಂದ ಹಾಕಬೇಕಾದ್ದು ಶೇ. 10. ಸಬ್ಸಿಡಿ ಕೈಗೆ ಬರಲ್ಲ, ಸಾಲದ ಲೆಕ್ಕಕ್ಕೇ ಹೋಗುತ್ತೆ, ನೆನಪಿರಲಿ. ನನ್ನದು 8 ಲಕ್ಷದ ಪ್ಲಾನ್. ಬೇಕಿದ್ದ 80 ಸಾವಿರಕ್ಕೆ ಅಮ್ಮ ತಾವು ಕಟ್ಟುತ್ತಿದ್ದ ಚೀಟಿ ಎತ್ತಿ ಕೊಟ್ಟರು.

ಕಾರು ನೋಡಲು ಬಂದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. ಸಾಲದ ಕಂತು ಇನ್ನೂ ಜಾಸ್ತಿ ಉಳಿದಿದೆ, ಭಯವೂ ಇದೆ. ಹೋದ ವಾರ ಕಡಲೆಕಾಯಿ ಎಣ್ಣೆಯ ಮೊದಲ ಹನ್ನೆರಡು ಕ್ಯಾನ್‌ಗಳನ್ನು ಪದ್ಮಿನಿ ಡಿಕ್ಕಿಯಲ್ಲೇ ಸಂತೆಗೆ ಒಯ್ದೆ. ಅಮ್ಮ ಮುಂದಿನ ಸೀಟಲ್ಲಿ ಕೂತಿದ್ದರು.