ಗೀತತ್ತೆ ಹಾಕಿದ ಯೀಸ್ಟ್ ಫಾರ್ವರ್ಡ್

ಗೀತತ್ತೆ: (ಫಾರ್ವರ್ಡ್ ಆದ ಮೆಸೇಜ್) ಎಚ್ಚರ! ಎಚ್ಚರ! ಹೊಸ ಯೀಸ್ಟ್ ರೋಗ ಬಂದಿದೆ. ಇದಕ್ಕೆ ಔಷಧಿಯೇ ಇಲ್ಲ. ಬ್ರೆಡ್, ಬನ್ ಮುಟ್ಟಬೇಡಿ. ಆಸ್ಪತ್ರೆ ಕಡೆ ತಲೆ ಹಾಕಬೇಡಿ. ನಿಮ್ಮವರಿಗೆಲ್ಲ ತಕ್ಷಣ ಕಳಿಸಿ!

ಗೀತತ್ತೆ: ಇದು ನಿಜವಾ? ಮುಂದಿನ ವಾರ ನಿಮ್ಮ ಮಾವನ ಆಪರೇಷನ್ ಇದೆ. ಮುಂದಕ್ಕೆ ಹಾಕಿಸೋಣ ಅನ್ನಿಸುತ್ತಿದೆ.

ರಾಮು ಚಿಕ್ಕಪ್ಪ: ಗೀತಾ, ಸುಮ್ನೆ ಏನೇನೋ ಹಾಕಿ ಎಲ್ಲರನ್ನೂ ಹೆದರಿಸಬೇಡ. ಯೀಸ್ಟ್ ಅಂದರೆ ಬ್ರೆಡ್ ಉಬ್ಬಿಸುವುದಕ್ಕೆ ಹಾಕುವುದು. ಅದರಿಂದ ಯಾರು ಸತ್ತಿದ್ದಾರೆ? ಮೊದಲು ಅಳಿಸು ಇದನ್ನ.

ವಸುಧಾ: ಅಳಿಸಲಿ ಚಿಕ್ಕಪ್ಪ, ನನ್ನದೂ ಅದೇ ಮಾತು. ಆದರೆ "ಯಾರು ಸತ್ತಿದ್ದಾರೆ" ಅಂದಿರಲ್ಲ, ಅದನ್ನು ಕೇಳಿಕೊಂಡು ಸುಮ್ಮನಿರಲು ಆಗುವುದಿಲ್ಲ. ನಾನು ದಿನಾ ಲ್ಯಾಬಿನಲ್ಲಿ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅನ್ನುವ ಪರೀಕ್ಷೆ, ನೋಡುವವಳು. ರಕ್ತದಲ್ಲಿ ಯೀಸ್ಟ್ ಬೆಳೆದಿದೆ ಅಂತ ಕಂಡರೆ ನಾವು ರಿಪೋರ್ಟ್ ಪ್ರಿಂಟ್ ಆಗುವವರೆಗೆ ಕಾಯುವುದಿಲ್ಲ, ವಾರ್ಡಿಗೆ ಫೋನ್ ಮಾಡುತ್ತೇವೆ. ಅಷ್ಟು ತುರ್ತು ಅದು.

ವಸುಧಾ: ಫಾರ್ವರ್ಡಿನಲ್ಲಿರುವುದು ಬಹುಶಃ ಕ್ಯಾಂಡಿಡಾ ಆರಿಸ್ ಅನ್ನುವ ಯೀಸ್ಟ್ ಬಗ್ಗೆ. ಯೀಸ್ಟ್ ಅಂದರೆ ಒಂದು ಬಗೆಯ ಶಿಲೀಂಧ್ರ. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ತೆಗೆದ ಮಾದರಿಯಲ್ಲಿ ಇದನ್ನು ಮೊದಲು ಗುರುತಿಸಿದರು. ಆಮೇಲೆ ಕೆಲವೇ ವರ್ಷಗಳಲ್ಲಿ ದಕ್ಷಿಣ ಏಷ್ಯಾ, ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕ ಎಲ್ಲ ಕಡೆ ಸಿಕ್ಕಿತು. ಜೀನ್ ಪರೀಕ್ಷೆ ಮಾಡಿದರೆ ಒಂದೊಂದು ಕಡೆಯದೂ ಬೇರೆ ಬೇರೆ ಕವಲು. ಅಂದರೆ ಒಂದೇ ಊರಿನಿಂದ ಹೊರಟು ಹರಡಿದ್ದಲ್ಲ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹಲವು ಕಡೆ ತಲೆ ಎತ್ತಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಗುಂಪಿನಲ್ಲಿ ಇರುವ ನಾಲ್ಕರಲ್ಲಿ ಇದೂ ಒಂದು.

ಕಿರಣ: ಅಕ್ಕ, ಪಟ್ಟಿ ಮಾಡುವುದು ದೊಡ್ಡ ವಿಷಯವೇ ಅಲ್ಲ. ಒಂದು ಹೆದರಿಕೆ ಹುಟ್ಟಿಸಿದರೆ ಔಷಧಿ ಕಂಪನಿಗಳಿಗೆ ವ್ಯಾಪಾರ. ಆರೋಗ್ಯವಾಗಿ ಓಡಾಡುವವರಿಗೆ ಇದು ಬರುವುದಿಲ್ಲ ತಾನೇ?

ವಸುಧಾ: ಓಡಾಡುವವರಿಗೆ ಬರುವುದು ತೀರಾ ಕಡಿಮೆ, ಅದು ನಿಜ. ಕಂಪನಿ ಮಾತು ಮಾತ್ರ ಒಪ್ಪುವುದಿಲ್ಲ. ಇಲ್ಲಿ ಕಷ್ಟ ಇರುವುದೇ ಔಷಧಿ ಸಾಲದೆ ಇರುವುದು. ಬ್ಯಾಕ್ಟೀರಿಯಾಕ್ಕೆ ಎಷ್ಟೊಂದು ಬಗೆಯ ಔಷಧಿ ಇವೆ. ರಕ್ತಕ್ಕೆ ಹೋದ ಯೀಸ್ಟಿಗೆ ಮುಖ್ಯವಾಗಿ ಇರುವುದು ಮೂರೇ ಗುಂಪು. ಶಿಲೀಂಧ್ರದ ಜೀವಕೋಶಕ್ಕೂ ನಮ್ಮ ಜೀವಕೋಶಕ್ಕೂ ಹೋಲಿಕೆ ಜಾಸ್ತಿ. ಅದನ್ನು ಕೊಂದು ನಮ್ಮನ್ನು ಉಳಿಸುವ ಔಷಧಿ ಹುಡುಕುವುದು ಸುಲಭವಲ್ಲ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ ಅಲ್ಲಿ ಸಿಕ್ಕ ಆರಿಸ್ ಮಾದರಿಗಳಲ್ಲಿ ಸುಮಾರು ಶೇ. 90ರಷ್ಟು ಒಂದು ಗುಂಪಿನ ಫ್ಲುಕೊನಜೋಲಿಗೆ ಬಗ್ಗುವುದಿಲ್ಲ. ಸುಮಾರು ಶೇ. 30ರಷ್ಟು ಇನ್ನೊಂದು ಗುಂಪಿನ ಆಂಫೊಟೆರಿಸಿನ್‌ಗೂ ಬಗ್ಗುವುದಿಲ್ಲ. ಉಳಿದಿರುವುದು ಎಕೈನೊಕ್ಯಾಂಡಿನ್ ಗುಂಪು. ಅದು ಈಗಲೂ ಹೆಚ್ಚಿನವರಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ "ಔಷಧಿಯೇ ಇಲ್ಲ" ಅನ್ನುವುದು ಸುಳ್ಳು. ಇರುವುದನ್ನು ಕಳೆದುಕೊಂಡರೆ ಮಾತ್ರ ಆ ಮಾತು ನಿಜ ಆಗಿಬಿಡುತ್ತದೆ.

ರಾಮು ಚಿಕ್ಕಪ್ಪ: ಬ್ರೆಡ್ ವಿಷಯಕ್ಕೆ ಬಾ. ಅದು ಸುಳ್ಳು ತಾನೇ?

ವಸುಧಾ: ತಿನ್ನುವುದರಿಂದ ಏನೂ ಆಗುವುದಿಲ್ಲ, ಧಾರಾಳವಾಗಿ ತಿನ್ನಿ. ಆದರೆ ಬ್ರೆಡ್ ಯೀಸ್ಟಿನ ಹತ್ತಿರದ ನಂಟ ಒಂದನ್ನು ಭೇದಿಗೆ ಪ್ರೋಬಯೋಟಿಕ್ ಅಂತ ಪುಡಿಯಾಗಿ ಕೊಡುತ್ತಾರೆ. ಐಸಿಯುನಲ್ಲಿ ಹಾಸಿಗೆ ಪಕ್ಕದಲ್ಲೇ ಆ ಪೊಟ್ಟಣ ಬಿಚ್ಚಿದಾಗ ಪುಡಿ ಕೈಗೆ ಅಂಟಿ, ಕೈಯಿಂದ ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಟ್ಯೂಬಿಗೆ, ಅಂದರೆ ಲೈನಿಗೆ ಹೋಗಿ, ರಕ್ತ ಸೇರಿದ ಉದಾಹರಣೆಗಳಿವೆ. ಇಂಥ ಸೆಂಟ್ರಲ್ ಲೈನ್ ಇರುವ, ತೀರಾ ಕಾಯಿಲೆಯಾದವರಿಗೆ ಅದನ್ನು ಕೊಡಬಾರದು ಅನ್ನುವ ಎಚ್ಚರಿಕೆ ಯುರೋಪಿನಲ್ಲಿ ಬಂದಿದೆ. ಯೀಸ್ಟ್ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವುದಕ್ಕಿಂತ ಅದು ಎಲ್ಲಿ ಸೇರಿಕೊಂಡಿತು ಅಂತ ನೋಡಬೇಕು ಚಿಕ್ಕಪ್ಪ.

ಗೀತತ್ತೆ: ನೀನು ಹೇಳುವುದು ಕೇಳಿದರೆ ಇನ್ನೂ ಭಯ ಆಗುತ್ತಿದೆ ವಸು. ಆಸ್ಪತ್ರೆಯಲ್ಲೇ ಇರುತ್ತದೆ ಅಂದಮೇಲೆ ಹೋಗದೆ ಇರುವುದೇ ವಾಸಿ ಅಲ್ವಾ?

ವಸುಧಾ: ಖಂಡಿತ ಬೇಡ ಅತ್ತೆ. ಇದೊಂದನ್ನು ಮಾತ್ರ ಮಾಡಬೇಡಿ. ಇದು ಹಿಡಿಯುವುದು ವಾರಗಟ್ಟಲೆ ಐಸಿಯುನಲ್ಲಿ ಮಲಗಿದವರನ್ನು. ಕುತ್ತಿಗೆಗೆ ಲೈನ್, ಮೂತ್ರದ ಟ್ಯೂಬ್, ವೆಂಟಿಲೇಟರ್ ಎಲ್ಲ ಇರುವವರನ್ನು. ಒಂದರ ಮೇಲೊಂದು ಆಂಟಿಬಯೋಟಿಕ್ ತೆಗೆದುಕೊಂಡವರನ್ನು, ಕೀಮೋ ಆಗುತ್ತಿರುವವರನ್ನು, ದಿನ ತುಂಬದೆ ಹುಟ್ಟಿದ ಮಕ್ಕಳನ್ನು. ರಕ್ತಕ್ಕೆ ಹೋದರೆ ನೂರರಲ್ಲಿ 30ರಿಂದ 60 ಜನ ಉಳಿಯುವುದಿಲ್ಲ ಅನ್ನುತ್ತಾರೆ. ಅವರಲ್ಲಿ ಬಹಳ ಜನ ಮೊದಲೇ ತುಂಬಾ ಕಾಯಿಲೆಯಾಗಿದ್ದವರು ಅನ್ನುವುದನ್ನೂ ಸೇರಿಸಿ ಓದಬೇಕು. ಮಾವನದು ಮೊದಲೇ ಗೊತ್ತುಮಾಡಿದ ಆಪರೇಷನ್, ಕೆಲವು ದಿನ ವಾರ್ಡ್, ಆಮೇಲೆ ಮನೆ. ಅವರಿಗೆ ಈ ಅಪಾಯ ತುಂಬಾ ಕಡಿಮೆ. ಬೇಕಾದ ಆಪರೇಷನ್ ಮುಂದಕ್ಕೆ ಹಾಕಿದರೆ ಆಗುವ ತೊಂದರೆ ಇದಕ್ಕಿಂತ ದೊಡ್ಡದಿರಬಹುದು. ಹಾಕಬೇಕಾ ಬೇಡವಾ ಅಂತ ಸರ್ಜನ್ ಹೇಳಲಿ, ಫಾರ್ವರ್ಡ್ ಹೇಳುವುದು ಬೇಡ.

ಕಿರಣ: ಭೂಮಿ ಬಿಸಿಯಾಗುತ್ತಿರುವುದರಿಂದ ಇದು ಬಂತು ಅಂತ ಎಲ್ಲೋ ಓದಿದ ನೆನಪು.

ವಸುಧಾ: ಅದು ಒಂದು ಊಹೆ ಕಣೋ, ಇನ್ನೂ ಸಾಬೀತಾಗಿಲ್ಲ. ನಮ್ಮ ಮೈ ಬಿಸಿಯನ್ನು ಹೆಚ್ಚಿನ ಶಿಲೀಂಧ್ರಗಳು ತಾಳಿಕೊಳ್ಳುವುದಿಲ್ಲ. ಇದು 42 ಡಿಗ್ರಿ ಸೆಲ್ಸಿಯಸ್‌ನಲ್ಲೂ ಬೆಳೆಯುತ್ತದೆ. ಅದಕ್ಕೇ ಆ ಅನುಮಾನ.

ರಾಮು ಚಿಕ್ಕಪ್ಪ: ಸರಿ, ಎಲ್ಲ ಒಪ್ಪಿದೆ ಅಂತಲೇ ಇಟ್ಟುಕೋ. ಮನೆಯವರು ಮಾಡುವುದಾದರೂ ಏನು? ಡಾಕ್ಟರ್ ಹತ್ತಿರ ಹೋಗಿ "ನಿಮ್ಮಲ್ಲಿ ಯೀಸ್ಟ್ ಇದೆಯಾ" ಅಂತ ಕೇಳಬೇಕಾ? ಅವರಿಗೆ ಬೇಜಾರಾದರೆ ಅನುಭವಿಸುವವನು ಹಾಸಿಗೆ ಮೇಲೆ ಇರುವವನು. ಏನೂ ಮಾಡಲು ಆಗದ ವಿಷಯವನ್ನು ಜನರಿಗೆ ಹೇಳುವುದು ತಪ್ಪು.

ವಸುಧಾ: ಏನೂ ಮಾಡಲು ಆಗುವುದಿಲ್ಲ ಅನ್ನುವುದೇ ಸರಿಯಲ್ಲ. ಚಂಡೀಗಢದ ಒಂದು ದೊಡ್ಡ ಆಸ್ಪತ್ರೆಯಲ್ಲಿ 1996ರಿಂದ 98ರವರೆಗೆ ಪಿಚಿಯಾ ಅನೋಮಲಾ ಅನ್ನುವ ಅಪರೂಪದ ಯೀಸ್ಟ್ 379 ಮಕ್ಕಳಿಗೆ ಹತ್ತಿತು. ಹೆಚ್ಚಿನವರು ಆ ಹೆಸರನ್ನೇ ಕೇಳಿರಲಿಕ್ಕಿಲ್ಲ. ಹರಡಿದ್ದು ಬಹುಶಃ ಸಿಬ್ಬಂದಿಯ ಕೈಗಳಿಂದ. ಕೈ ತೊಳೆಯುವ ಬಗ್ಗೆ ಎಲ್ಲರಿಗೂ ಹೇಳಿಕೊಟ್ಟು, ಜೊತೆಗೆ ಮಕ್ಕಳಿಗೆ ಮುಂಜಾಗ್ರತೆಯಾಗಿ ಔಷಧಿ ಕೊಟ್ಟ ಮೇಲೆಯೇ ಅದು ಹತೋಟಿಗೆ ಬಂದಿದ್ದು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆರಿಸ್ 70 ರೋಗಿಗಳಲ್ಲಿ ಕಾಣಿಸಿತು. ಹುಡುಕುತ್ತಾ ಹೋದರೆ ಕಂಕುಳಲ್ಲಿ ಇಡುವ, ಮತ್ತೆ ಮತ್ತೆ ಬಳಸುವ ಟೆಂಪರೇಚರ್ ಪ್ರೋಬ್ ಕಡೆಗೆ ಬೆರಳು ಹೋಯಿತು. ಅದನ್ನು ನಿಲ್ಲಿಸಿದ ಮೇಲೆ ಹೊಸ ಕೇಸ್ ಕಡಿಮೆಯಾದವು. ಕೈ, ಪ್ರೋಬ್, ಮಂಚದ ಕಂಬಿ. ಇವನ್ನು ಕಣ್ಣಿಟ್ಟು ನೋಡಲು ಯಾರಿಗೂ ಡಿಗ್ರಿ ಬೇಕಿಲ್ಲ.

ಕಿರಣ: ಒರೆಸಿದರೆ ಹೋಗುವುದಿಲ್ಲವಾ?

ವಸುಧಾ: ಚರ್ಮದ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ಇರುತ್ತದೆ, ಮಂಚ ಮೇಜಿನ ಮೇಲೆ ವಾರಗಟ್ಟಲೆ. ಕೆಲವು ಮಾಮೂಲಿ ಸೋಂಕುನಾಶಕ ಸಾಲುವುದಿಲ್ಲ. ಕ್ಲೋರಿನ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಕೈಗೆ ಆಲ್ಕೋಹಾಲ್ ಸ್ಯಾನಿಟೈಸರ್ ಸಾಕು.

ವಸುಧಾ: ಇನ್ನೊಂದು. ಹಳೆಯ ಪರೀಕ್ಷಾ ಕಿಟ್‌ಗಳು ಇದನ್ನು ಬೇರೆ ಯೀಸ್ಟ್ ಅಂತ ತಪ್ಪಾಗಿ ಹೆಸರಿಸುತ್ತಿದ್ದವು. ರಕ್ತದ ರಿಪೋರ್ಟಿನಲ್ಲಿ ಬರೀ "ಯೀಸ್ಟ್" ಅಥವಾ "ಕ್ಯಾಂಡಿಡಾ" ಅಂತ ಬಂದರೆ, ಯಾವ ಜಾತಿ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಕೇಳಿ. ಅದು ಜಗಳ ಅಲ್ಲ ಚಿಕ್ಕಪ್ಪ. ಒಳ್ಳೆಯ ಡಾಕ್ಟರ್ ತಾನೇ ಲ್ಯಾಬಿಗೆ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಮೂತ್ರದಲ್ಲಿ ಯೀಸ್ಟ್ ಅಂತ ಬಂದರೆ ಗಾಬರಿ ಬೇಡ. ಟ್ಯೂಬ್ ಇದ್ದವರಲ್ಲಿ ಅದು ಸಾಮಾನ್ಯ, ಎಷ್ಟೋ ಸಲ ಔಷಧಿಯೇ ಬೇಕಾಗುವುದಿಲ್ಲ.

ರಾಮು ಚಿಕ್ಕಪ್ಪ: ನೀನು ಒಳಗಿನವಳು, ನಿನಗೆ ಸುಲಭ. ನಮ್ಮಂಥವರು ಕೇಳಿದರೆ "ನಿಮಗೇನು ಗೊತ್ತು" ಅನ್ನುತ್ತಾರೆ. ನನ್ನ ಅಭಿಪ್ರಾಯ ಬದಲಾಗಿಲ್ಲ.

ವಸುಧಾ: ಹಾಗೆ ಅನ್ನುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೂ ಕೇಳಿ. ಕೇಳುವವರು ಇದ್ದಾರೆ ಅಂತ ಗೊತ್ತಾದ ವಾರ್ಡಿನಲ್ಲಿ ಲೈನ್ ಬೇಗ ತೆಗೆಯುತ್ತಾರೆ.

ಗೀತತ್ತೆ: ಲೈನ್ ಅಂದರೆ ಕೈಗೆ ಹಾಕುವ ಡ್ರಿಪ್ಪಾ?

ವಸುಧಾ: ಕೈಯದು ಚಿಕ್ಕದು ಅತ್ತೆ. ನಾನು ಜಾಸ್ತಿ ಹೇಳಿದ್ದು ಕುತ್ತಿಗೆಗೆ ಅಥವಾ ಎದೆಗೆ ಹಾಕುವ ಸೆಂಟ್ರಲ್ ಲೈನ್ ಬಗ್ಗೆ. ಮಾವನಿಗೆ ಅದು ಬೇಕಾಗದೇ ಇರಬಹುದು. ಯಾವುದನ್ನೇ ಹಾಕಿರಲಿ, ದಿನಾ ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ "ಇದು ಇವತ್ತೂ ಬೇಕಾ ಡಾಕ್ಟ್ರೇ" ಅಂತ ಕೇಳಿ. ಮೂತ್ರದ ಟ್ಯೂಬಿಗೂ ಅದೇ.

ಗೀತತ್ತೆ: ಸರಿ, ಬರೆದಿಟ್ಟುಕೊಂಡೆ. ಫಾರ್ವರ್ಡ್ ಅಳಿಸಿದ್ದೇನೆ. ರಾಮು, ನೀನೂ ಆ ದಿನ ಬರಬೇಕು.

ರಾಮು ಚಿಕ್ಕಪ್ಪ: ಬರುತ್ತೇನೆ. ಡಾಕ್ಟರ್ ಹತ್ತಿರ ಮಾತಾಡುವುದು ಮಾತ್ರ ನೀನೇ.