ಬೋರ್ಡಿನ ಅಕ್ಷರಕ್ಕೆ ‘ಮೈಕಟ್ಟು’ ಎನ್ನಬಹುದೇ?

ಹೋದ ವಾರ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಒಂದು ಬೋರ್ಡು ಕಣ್ಣಿಗೆ ಬಿತ್ತು. ಅಕ್ಷರಗಳೆಲ್ಲ ಚೌಕ ಚೌಕವಾಗಿದ್ದವು. ತಲೆಕಟ್ಟು ಎಲ್ಲೂ ಬಾಗದೆ ಗೀಟು ಎಳೆದ ಹಾಗೆ ನೆಟ್ಟಗಿತ್ತು. ಪಕ್ಕದಲ್ಲಿದ್ದ ಗೆಳತಿಗೆ ‘ನೋಡು, ಆ ಬೋರ್ಡಿನ ಲಿಪಿ ಎಷ್ಟು ಬೇರೆ ಇದೆ’ ಎಂದೆ. ‘ಬೇರೆ ಎಲ್ಲಿ? ಕನ್ನಡವೇ ಅಲ್ವಾ’ ಎಂದಳು. ಅವಳು ಹೇಳಿದ್ದೇ ಸರಿ. ಲಿಪಿ ಕನ್ನಡದ್ದೇ. ಬೇರೆಯಾಗಿದ್ದದ್ದು ಇನ್ನೇನೋ. ಆ ‘ಇನ್ನೇನೋ’ಗೆ ನನ್ನ ಬಾಯಲ್ಲಿ ಪದವೇ ಬರಲಿಲ್ಲ.

‘ಫಾಂಟ್’ ಎನ್ನಬಹುದಿತ್ತು. ಆದರೆ ಸ್ವಲ್ಪ ಮುಂದೆ ಕುಂಚದಲ್ಲಿ ಬರೆದ ಹಳೇ ಬೋರ್ಡೊಂದು ಸಿಕ್ಕಿತು. ದುಂಡು ದುಂಡಾದ ‘ರ’, ಅದರ ಕೆಳಗೆ ತುಂಬು ಒತ್ತಕ್ಷರ, ಬಾಲ ಬಿಟ್ಟ ಹಾಗೆ ಉದ್ದಕ್ಕೆ ಎಳೆದ ಕೊಂಬು. ಅದಕ್ಕೂ ತನ್ನದೇ ಆಕಾರವಿತ್ತು. ಕೈಯಲ್ಲಿ ಬರೆದದ್ದನ್ನು ಫಾಂಟ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಲೋಹ ಕರಗಿಸಿ ಎರಕ ಹೊಯ್ಯುವುದಕ್ಕೆ ಫ್ರೆಂಚಿನಲ್ಲಿರುವ ಮಾತಿನಿಂದ ಆ ಪದ ಹುಟ್ಟಿದೆ. ಒಂದೇ ಅಳತೆಯ ಅಚ್ಚುಮೊಳೆಗಳ ಇಡೀ ಗುಂಪಿಗೆ ಫಾಂಟ್ ಎನ್ನುತ್ತಿದ್ದರು. ಈಗ ಕಂಪ್ಯೂಟರಿನ ಫೈಲಿಗೆ ಹೇಳುತ್ತೇವೆ.

‘ಮೊಳೆ’ ನಮ್ಮ ಅಚ್ಚುಕೂಟದವರ ಮಾತು. ಅದು ನನಗೆ ತುಂಬಾ ಇಷ್ಟ. ಆದರೆ ಮೊಳೆ ಕೈಗೆ ಸಿಗುವ ಲೋಹದ ತುಂಡು, ಆಕಾರವಲ್ಲ. ಇಂಗ್ಲಿಷಿನ ‘ಟೈಪ್‌ಫೇಸ್’ ಕೂಡ ಮೊದಲಿಗೆ ಮೊಳೆಯಲ್ಲಿ ಮಸಿ ತಾಗುವ ಮುಖಕ್ಕೆ ಹೇಳಿದ ಮಾತು. ಅದನ್ನು ‘ಮೊಳೆಮೊಗ’ ಎಂದು ತಂದರೆ ಸುಮ್ನೆ ತರ್ಜುಮೆ ಆಗುತ್ತದೆ. ‘ಅಕ್ಷರ ವಿನ್ಯಾಸ’ ಕೆಲಸದ ಹೆಸರಾಗಿ ಚೆನ್ನಾಗಿದೆ. ಆದರೆ ಆ ಕೆಲಸ ಮುಗಿದ ಮೇಲೆ ನಮ್ಮ ಕಣ್ಣಿಗೆ ಕಾಣುವ ಆಕಾರಕ್ಕೆ ಏನು ಹೇಳಬೇಕು?

ಕನ್ನಡದಲ್ಲಿ ಅಕ್ಷರಕ್ಕೆ ಮೊದಲಿನಿಂದಲೂ ಒಂದು ಮೈ ಇದೆ. ತಲೆಕಟ್ಟು ಎನ್ನುತ್ತೇವೆ. ಕೊಂಬು ಎನ್ನುತ್ತೇವೆ. ‘ಧ’ ಬರೆಯುವಾಗ ‘ಹೊಟ್ಟೆ ಸೀಳು’ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ತಲೆ, ಕೊಂಬು, ಹೊಟ್ಟೆ ಇಷ್ಟೆಲ್ಲ ಇರುವಾಗ ಇಡೀ ಆಕಾರಕ್ಕೆ ‘ಮೈಕಟ್ಟು’ ಎಂದರೆ ಹೊಂದುವುದಿಲ್ಲವೇ? ‘ತಲೆಕಟ್ಟು’ವಿನಲ್ಲಿರುವ ‘ಕಟ್ಟು’ ಇಲ್ಲೂ ಇದೆ. ‘ಈ ಬೋರ್ಡಿನ ಮೈಕಟ್ಟು ಬೇರೆ’ ಎಂದಿದ್ದರೆ ಗೆಳತಿಗೆ ತಕ್ಷಣ ಗೊತ್ತಾಗುತ್ತಿತ್ತು ಎಂದು ನನಗನಿಸುತ್ತದೆ. ಕುಂಚದ ಬರಹಕ್ಕೂ ಆಗುತ್ತದೆ, ಕಂಪ್ಯೂಟರಿನದಕ್ಕೂ ಆಗುತ್ತದೆ. ದಪ್ಪ ಮೈಕಟ್ಟು, ತೆಳು ಮೈಕಟ್ಟು ಎಂದು ವಿಂಗಡಿಸಲೂ ಬರುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದರೆ, ರಸ್ತೆಯಲ್ಲಿ ಈ ವಿಷಯ ಚೆಂದಕ್ಕೆ ಮಾತ್ರ ಸೇರಿದ್ದಲ್ಲ. ಬ್ರಿಟನ್ನಿನಲ್ಲಿ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ರಸ್ತೆ ಬೋರ್ಡುಗಳಿಗೆಂದೇ ‘ಟ್ರಾನ್ಸ್‌ಪೋರ್ಟ್’ ಎಂಬ ಮೈಕಟ್ಟನ್ನು ಮಾಡಿದರು. ಅದರಲ್ಲಿ ಸಣ್ಣ ‘ಎಲ್’ ಬುಡದಲ್ಲಿ ಒಂದು ಪುಟ್ಟ ಬಾಗು ಇದೆ. ದೊಡ್ಡ ‘ಐ’ ಜೊತೆ ಕಲೆಸಿಹೋಗದಿರಲಿ ಎಂದು. ಅಮೆರಿಕದಲ್ಲಿ ‘ಕ್ಲಿಯರ್‌ವ್ಯೂ’ ಎಂಬುದಕ್ಕೆ 2004ರಲ್ಲಿ ಒಪ್ಪಿಗೆ ಕೊಟ್ಟು, 2016ರಲ್ಲಿ ಹಿಂತೆಗೆದುಕೊಂಡು, 2018ರಲ್ಲಿ ಮತ್ತೆ ಕೊಟ್ಟರು. ರಾತ್ರಿ ಹೆಡ್‌ಲೈಟಿನ ಬೆಳಕು ಬಿದ್ದಾಗ ಹೊಳೆಯುವ ಬೋರ್ಡಿನ ಅಕ್ಷರಗಳು ಊದಿಕೊಂಡ ಹಾಗೆ ಕಾಣುತ್ತವೆ. ಅಕ್ಷರದೊಳಗಿನ ಸಣ್ಣ ಜಾಗಗಳು ಮುಚ್ಚಿಹೋಗುತ್ತವೆ. ಆ ಜಾಗವನ್ನು ಅಗಲ ಮಾಡುವುದೇ ಕ್ಲಿಯರ್‌ವ್ಯೂ ಮಾಡಿದವರ ಉದ್ದೇಶವಾಗಿತ್ತು.

ಈಗ ನಮ್ಮ ಅಕ್ಷರಗಳನ್ನು ನೆನೆಸಿಕೊಳ್ಳಿ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು. ‘ರ’ಕ್ಕೂ ‘ಠ’ಕ್ಕೂ ಒಂದು ಚುಕ್ಕಿ. ‘ಪ’ಕ್ಕೂ ‘ಷ’ಕ್ಕೂ ಹೊಟ್ಟೆಯೊಳಗಿನ ಒಂದು ಗೀಟು. ಬೆಳಕು ಚೆಲ್ಲಿದಾಗ ಮೊದಲು ಮಾಯವಾಗುವುದು ಇವೇ. ಒತ್ತಕ್ಷರದ ಪಾಡು ಇನ್ನೂ ಕಷ್ಟ. ಅದು ಸಾಲಿನ ಕೆಳಗೆ ಇಳಿಯಬೇಕು. ಆದರೆ ಇಂಗ್ಲಿಷಿನ ದೊಡ್ಡಕ್ಷರಕ್ಕೆಂದು ಅಳೆದ ಪಟ್ಟಿಯಲ್ಲಿ ಕೆಳಗೆ ಜಾಗವೇ ಇರುವುದಿಲ್ಲ. ಆಗ ಒತ್ತನ್ನು ಇರುವೆಯಷ್ಟು ಸಣ್ಣದು ಮಾಡುತ್ತಾರೆ, ಇಲ್ಲವೇ ಇಡೀ ಸಾಲನ್ನೇ ಚಪ್ಪಟೆ ಒತ್ತುತ್ತಾರೆ. ಒತ್ತು ಕೂಡದೆ ‘ರಸ್ತೆ’ ಹೋಗಿ ‘ರಸ್‌ತೆ’ ಆಗಿ ನಿಂತಿರುವ ಬೋರ್ಡನ್ನೂ ನೋಡಿದ್ದೇನೆ. ಅದು ಕಾಗುಣಿತದ ತಪ್ಪೂ ಅಲ್ಲ, ಮೈಕಟ್ಟಿನ ತಪ್ಪೂ ಅಲ್ಲ. ಅಕ್ಷರ ಜೋಡಿಸುವ ತಂತ್ರಾಂಶ ಕೈಕೊಟ್ಟಿರುವುದು. ಈ ಮೂರನ್ನೂ ಜನ ಒಟ್ಟಾಗಿ ‘ಕನ್ನಡ ತಪ್ಪಾಗಿದೆ’ ಎಂದುಬಿಡುತ್ತಾರೆ. ಪದ ಬೇರೆ ಬೇರೆ ಇದ್ದರೆ ದೂರನ್ನೂ ಸರಿಯಾಗಿ ಹೇಳಬಹುದು.

‘ಮೈಕಟ್ಟು’ವಿನಲ್ಲಿ ನನಗೆ ಒಂದೇ ಅಳುಕು ಇದೆ. ಅದು ಈಗ ಆಳಿನ ಮೈಗೆ ಹೇಳುವ ಮಾತು, ಅದರಲ್ಲೂ ಜಾಸ್ತಿ ಗಟ್ಟಿಮುಟ್ಟಾದ ಮೈಗೆ. ಬಳುಕುವ ತೆಳು ಅಕ್ಷರಕ್ಕೆ ಹೇಳಿದರೆ ಕಿವಿಗೆ ಒಗ್ಗುತ್ತದೆಯೇ? ‘ಅಕ್ಷರಕಟ್ಟು’ ಎಂದರೆ ಆ ತೊಡಕು ಇಲ್ಲ. ಆದರೆ ಅದು ಅಕ್ಷರಗಳನ್ನು ಕಂತೆ ಕಟ್ಟಿದ ಹಾಗೆ ಕೇಳುತ್ತದೆ.

ಇನ್ನೊಂದು ಕೇಳಬೇಕಿದೆ. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರು ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ತೋರಿಸಿ ‘ಯಾವುದು ಬೇಕು’ ಎಂದು ಕೇಳುವಾಗ ಆ ಬಗೆಗಳಿಗೆ ಏನೆನ್ನುತ್ತಿದ್ದರು? ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಆ ಕೆಲಸ ಮಾಡಿದವರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಅವರ ಬಾಯಲ್ಲಿ ಆಗಲೇ ಒಂದು ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಬಳಸುತ್ತೇನೆ.